ಪ್ಲಾಸ್ಟಿಕ್ ಕವರ್ ಮಹಾಶಯರಿಗೆ ಬಿನ್ನವತ್ತಳೆ

ಮಾನ್ಯರೇ,

ಸಾಂಬಾರ ಪದಾರ್ಥಗಳನ್ನು ಅಂಗಡಿಯಿಂದ ಅಡುಗೆಮನೆಗೆ ಮುಟ್ಟಿಸುವ ಕಾಯಕದಲ್ಲಿ ತಾವು ಸಲ್ಲಿಸುತ್ತಿರುವ ಸೇವೆಯನ್ನು ಸ್ಮರಿಸಿ ತಮ್ಮನ್ನು ಸನ್ಮಾನಿಸಬೇಕೆಂದು ನಮ್ಮ ಬಡಾವಣೆಯ ಗ್ರಾಹಕರು ಬಹುಕಾಲದಿಂದ ಹಂಬಲಿಸುತ್ತಿದ್ದರು. ಸನ್ಮಾನವೆಂದ ಮೇಲೆ ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ ಇರಲೇಬೇಕಲ್ಲ. ತಂದು ಮೇಜಿನ ಮೇಲೆ ಜೋಡಿಸಿ ನೋಡುತ್ತೇವೆ, ಶಾಲು ತಮ್ಮೊಳಗೇ ಮಡಚಿಕೊಂಡು ಕೂತಿದೆ. ಮೈಸೂರು ಪೇಟಕ್ಕೂ ತಾವೇ ಮುಸುಕು. ಹಣ್ಣಿನ ಬುಟ್ಟಿಯ ಮೇಲಂತೂ ತಾವು ಬಿಗಿಯಾಗಿ ಹರಡಿಕೊಂಡು, ನೆತ್ತಿಗೆ ಗುಲಾಬಿ ರಿಬ್ಬನ್ ಬೇರೆ ಕಟ್ಟಿಸಿಕೊಂಡಿದ್ದೀರಿ. ಸನ್ಮಾನಿತರು ಸಂಘಟಕರಿಗಿಂತ ಮೊದಲೇ ವೇದಿಕೆ ಏರಿ ಕೂತ ಪ್ರಸಂಗ ಈ ನಾಡಿನ ಸಭೆಗಳಲ್ಲಿ ಅಪರೂಪ. ತಮ್ಮ ಸಮಯಪ್ರಜ್ಞೆಗೆ ಮೊದಲ ನಮಸ್ಕಾರ.

ಹಾರದ ವಿಷಯದಲ್ಲಿ ಮಾತ್ರ ಕೊಂಚ ಇರಿಸುಮುರಿಸಾಯಿತು. ಸಂದರ್ಭಕ್ಕೆ ತಕ್ಕುದೆಂದು ಹಾವೇರಿಯ ಏಲಕ್ಕಿ ಹಾರ ತರಿಸಿದೆವು. ಒಂದೊಂದೇ ಏಲಕ್ಕಿಯನ್ನು ದಾರಕ್ಕೆ ಪೋಣಿಸಿ ಕಟ್ಟುವ ಹಾರ ಅದು. 2023ರ ಜನವರಿಯಲ್ಲಿ 86ನೇ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನ ನಡೆದದ್ದೂ ಅದೇ ಏಲಕ್ಕಿ ಕಂಪಿನ ಊರಿನಲ್ಲಿ. ಒಂದು ಬೆಲೆಬಾಳುವ ಸಾಂಬಾರ ಪದಾರ್ಥವನ್ನು ಬರಿಮೈಯಲ್ಲಿ, ನಾಲ್ಕು ಜನರ ಎದುರಿಗೆ, ಪ್ಯಾಕೆಟ್ಟಿನ ಹಂಗಿಲ್ಲದೆ ಸಾಗಿಸಲು ಈಗ ಉಳಿದಿರುವ ಅಧಿಕೃತ ವಾಹನವೆಂದರೆ ಮಂತ್ರಿಗಳ ಕತ್ತು. ಪೊಟ್ಟಣವಿಲ್ಲದೆ ಏಲಕ್ಕಿ ಒಯ್ಯಬೇಕೆಂದು ಹಟ ಹಿಡಿದಿರುವವರು ಪರಿಸರ ಸಂಘ ಬಿಟ್ಟು ಯಾವುದಾದರೂ ಪಕ್ಷ ಸೇರುವುದೇ ಹತ್ತಿರದ ದಾರಿ.

ಮಹಾಶಯರೇ, ತಾವು ಅವತರಿಸುವ ಮೊದಲಿನ ಕಾಲವನ್ನು ನೆನೆದರೆ ಈಗಲೂ ಮೈ ಜುಮ್ಮೆನ್ನುತ್ತದೆ. ಈಜಿಪ್ಟಿನ ದೊರೆ ಎರಡನೆಯ ರಾಮ್ಸೆಸ್ ಕ್ರಿ.ಪೂ. 1213ರಲ್ಲಿ ತೀರಿಕೊಂಡಾಗ, ಅವನ ಶವವನ್ನು ಕೆಡದಂತೆ ಕಾಯ್ದಿಡಲು ಬಂದವರು ಮೂಗಿನ ಹೊಳ್ಳೆಗಳಿಗೆ ಕರಿಮೆಣಸಿನ ಕಾಳು ತುಂಬಿದರು. ನಮ್ಮ ಘಟ್ಟಸೀಮೆಯ ಬಳ್ಳಿಯ ಕಾಳು ಅಷ್ಟು ದೂರ ಹೋಗಿದೆ, ಮೂರು ಸಾವಿರ ವರ್ಷ ಬಾಳಿದೆ. ಪಾಪ, ಇಡುವುದಕ್ಕೊಂದು ಕವರ್ ಸಿಗದೆ ಮೂಗೇ ಗತಿಯಾಯಿತು. ಅದೇ ದೇಶದ ಕೆಂಪು ಸಮುದ್ರದ ದಂಡೆಯಲ್ಲಿ ಬೆರೆನಿಕೆ ಎಂಬ ಹಳೆಯ ಬಂದರಿದೆ. ಅಲ್ಲಿ ಅಗೆದವರಿಗೆ ದೇವಾಲಯದ ಅಂಗಳದಲ್ಲಿ ಹೂತಿಟ್ಟಿದ್ದ, ಕ್ರಿ.ಶ. ಮೊದಲ ಶತಮಾನದ ಒಂದು ಹರವಿ ಸಿಕ್ಕಿತು. ಭಾರತದಲ್ಲಿ ಮಾಡಿದ ಮಣ್ಣಿನ ಹರವಿ, ಒಳಗೆ ಏಳೂವರೆ ಕಿಲೋ ಕರಿಮೆಣಸು. ಎರಡು ಸಾವಿರ ವರ್ಷ ಮಣ್ಣಿನಡಿ ಬಿದ್ದಿದ್ದರೂ ಮೆಣಸು ಮೆಣಸೆಂದು ಗುರುತು ಹಿಡಿಯುವಂತಿತ್ತು. ಹರವಿಯ ಮೇಲೆ ‘ಬೆಸ್ಟ್ ಬಿಫೋರ್’ ತಾರೀಖು ಹಾಕಿರಲಿಲ್ಲವಾಗಿ, ಯಾವಾಗ ಕೆಡಬೇಕೆಂದು ಅದಕ್ಕೆ ತಿಳಿದಿರಲಿಲ್ಲ.

ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯದೂ ಅದೇ ಕಥೆ. ಪೋರ್ಚುಗೀಸರು ಆಕೆಯನ್ನು ‘ರೈನಾ ದ ಪಿಮೆಂಟಾ’, ಮೆಣಸಿನ ರಾಣಿ, ಎಂದು ಕರೆದರು. 16ನೇ ಶತಮಾನದ ಉತ್ತರಾರ್ಧವಿಡೀ ಆಳಿದಳು. ಮೆಣಸು ಘಟ್ಟ ಇಳಿದು ಕಡಲು ಸೇರುತ್ತಿತ್ತು. ಲಿಸ್ಬನ್ನಿಗೆ ಹೊರಟ ಹಡಗುಗಳ ಒಡಲಿನ ಗೂಡುಗಳಲ್ಲಿ ರಾಶಿರಾಶಿಯಾಗಿ ಸುರಿದು ಸಾಗಿಸುತ್ತಿದ್ದರು. ಒಂದು ಪ್ಯಾಕೆಟ್ಟಿನ ಮೇಲೂ ರಾಣಿಯ ನಗುಮುಖವಿಲ್ಲ, ‘ಎರಡು ಕೊಂಡರೆ ಒಂದು ಉಚಿತ’ವಿಲ್ಲ. ಬ್ರಾಂಡ್ ಎಂದರೇನೆಂದು ತಿಳಿಯದೆ ಅರ್ಧ ಶತಮಾನ ಯುರೋಪಿನೊಡನೆ ವ್ಯಾಪಾರ ಮಾಡಿದ ಆ ತಾಯಿಯ ಮುಗ್ಧತೆಗೆ ಕನಿಕರಪಡದೆ ಇನ್ನೇನು ಮಾಡೋಣ.

ರಾಣಿಯ ಕಾಲದಿಂದ ಹಿಂದಕ್ಕೆ ಹೋದರೆ ಕಿಸಾಗೌತಮಿ. ಸತ್ತ ಮಗುವನ್ನು ಎತ್ತಿಕೊಂಡು ಬಂದವಳಿಗೆ ಬುದ್ಧ, ಸಾವಿಲ್ಲದ ಮನೆಯ ಸಾಸಿವೆ ತಾ ಎಂದ. ಆಕೆ ಮನೆ ಮನೆ ಅಲೆದಳು. ಸಾಸಿವೆ ಕೊಡಲು ಎಲ್ಲರೂ ಸಿದ್ಧರಿದ್ದರು. ‘ಕವರ್ ತಂದಿದ್ದೀಯೇನಮ್ಮ’ ಎಂದು ಒಬ್ಬರಾದರೂ ಕೇಳಿದ ಉಲ್ಲೇಖವಿಲ್ಲ. ಬಿಡಿ ಸಾಸಿವೆ ಕೇಳಿಕೊಂಡು ಹೋದದ್ದರಿಂದಲೇ ಊರವರ ದುಃಖವೆಲ್ಲ ಆಕೆಯ ಕಿವಿಗೆ ಬಿತ್ತು. ಅಂದು ತಾವಿದ್ದಿದ್ದರೆ 100 ಗ್ರಾಮಿನ ಪ್ಯಾಕೆಟ್ಟೊಂದನ್ನು ಎತ್ತಿಕೊಂಡು, ಬಾರ್‌ಕೋಡ್ ತೋರಿಸಿ, ಯಾರ ಮನೆಯ ಸಾವನ್ನೂ ವಿಚಾರಿಸುವ ಗೋಜಿಲ್ಲದೆ ಹಿಂದಿರುಗಬಹುದಿತ್ತು.

ಇಂಥ ಕತ್ತಲೆಯಲ್ಲಿ, 1933ರಲ್ಲಿ, ಇಂಗ್ಲೆಂಡಿನ ನಾರ್ತ್‌ವಿಚ್‌ನ ಪ್ರಯೋಗಾಲಯದಲ್ಲಿ ಬೇರೇನೋ ಮಾಡಹೊರಟವರ ಉಪಕರಣದೊಳಗೆ, ಯಾರೂ ಕರೆಯದೆಯೇ, ಬಿಳಿಯ ಮೇಣವಾಗಿ ತಮ್ಮ ಪಾಲಿಥೀನ್ ವಂಶ ಕಾಣಿಸಿಕೊಂಡಿತು. 1965ರಲ್ಲಿ ಸ್ವೀಡನ್ನಿನ ಕಂಪನಿಯೊಂದು ತಮಗೆ ಹಿಡಿಕೆ ಇಟ್ಟು ಪೇಟೆಂಟ್ ಪಡೆಯಿತು. ಮುಂದಿನದು ನಮ್ಮ ನಿಮ್ಮೆಲ್ಲರ ಚರಂಡಿಗಳಿಗೆ ಗೊತ್ತಿರುವ ಚರಿತ್ರೆ.

ತಾವು ನಮ್ಮನ್ನು ಯಾವ ಕಷ್ಟದಿಂದ ಪಾರು ಮಾಡಿದಿರಿ ಎಂಬುದನ್ನು ತಿಳಿಯಬೇಕಾದರೆ ಗ್ರಂಧಿಗೆ ಅಂಗಡಿಗೆ ಹೋಗಬೇಕು. ಬೆಂಗಳೂರಿನ ತರಗುಪೇಟೆಯಲ್ಲಿ, ಮೈಸೂರಿನ ದೇವರಾಜ ಮಾರುಕಟ್ಟೆಯ ಆಸುಪಾಸಿನಲ್ಲಿ ಆ ಕಷ್ಟ ಪಡಲು ಇಂದಿಗೂ ಅವಕಾಶವಿದೆ. ಅಂಚು ಮಡಚಿದ ಗೋಣಿಚೀಲಗಳು ಸಾಲಾಗಿ ಬಾಯ್ದೆರೆದುಕೊಂಡು ಕೂತಿರುತ್ತವೆ. ಒಳಗೆ ಕಾಲಿಟ್ಟ ಕೂಡಲೇ ಸೀನು. ಸೀನಿ ಮುಗಿಯುವಷ್ಟರಲ್ಲಿ ಅಂಗಡಿಯವರಿಂದ ಪ್ರಶ್ನೆ ಶುರು. ಬರೀ ‘ಮೆಣಸಿನಕಾಯಿ ಕೊಡಿ’ ಎಂದರೆ ಅವರು ಮುಖ ನೋಡುತ್ತಾರೆ. ಬ್ಯಾಡಗಿಯೋ, ಗುಂಟೂರೋ? ಬ್ಯಾಡಗಿಯಾದರೆ ಕಡ್ಡಿಯೋ, ಡಬ್ಬಿಯೋ? ಈ ಸಲದ್ದೋ, ಕೋಲ್ಡ್ ಸ್ಟೋರೇಜಿನದೋ? ತೊಟ್ಟು ಬಿಡಿಸಿದ್ದೋ, ಹಾಗೇ ಇದ್ದದ್ದೋ? ಸಾರಿನ ಪುಡಿಗೋ, ಬಿಸಿಬೇಳೆಬಾತಿಗೋ, ಬರೀ ಬಣ್ಣಕ್ಕೋ? ಸಾಮಾನು ಕೊಳ್ಳಲು ಬಂದವರನ್ನು ಹೀಗೆ ಸಾಕ್ಷಿಕಟ್ಟೆಯಲ್ಲಿ ನಿಲ್ಲಿಸಿ ಪಾಟೀಸವಾಲು ಮಾಡುವುದು ಸಭ್ಯತೆಯೇ?

ಉತ್ತರ ಹೇಳಿದರೂ ಮುಗಿಯಲಿಲ್ಲ. ಅವರು ಒಂದು ಹಿಡಿ ಎತ್ತಿ ಎದುರಿಗೆ ಹಿಡಿಯುತ್ತಾರೆ. ನೋಡಿ ಎನ್ನುತ್ತಾರೆ. ಏನನ್ನು ನೋಡುವುದು? ಕಾಯಿ ಮುರಿದು ಕಿವಿಗೊಡಬೇಕಂತೆ. ಗರಿಗರಿಯಾಗಿ ಮುರಿದರೆ ಒಣಗಿದ್ದು, ಬಾಗಿಕೊಂಡರೆ ತೂಕಕ್ಕೆಂದು ನೀರು ಕುಡಿದದ್ದು. ಲವಂಗಕ್ಕೆ ಉಗುರು ಒತ್ತಿದರೆ ಎಣ್ಣೆ ಜಿನುಗಬೇಕು. ಜಿನುಗದಿದ್ದರೆ ಅದರ ಎಣ್ಣೆಯನ್ನು ಬೇರೆ ಯಾರೋ ಆಗಲೇ ಮಾರಿಕೊಂಡಿದ್ದಾರೆ, ನಮಗೆ ಬಂದದ್ದು ಉಳಿದ ಕಡ್ಡಿ. ಏಲಕ್ಕಿ ಸುಲಿದು ಒಳಗಿನ ಬೀಜ ಕಪ್ಪಗೆ, ಅಂಟಂಟಾಗಿ ಇದೆಯೇ ಎಂದು ಪರಿಶೀಲಿಸಬೇಕು. ಧನಿಯವನ್ನು ಅಂಗೈಯಲ್ಲಿ ತಿಕ್ಕಿ ಮೂಸಬೇಕು. ಅರಿಶಿನದ ಕೊಂಬು ಮುರಿದು ಒಳಬಣ್ಣ ನೋಡಬೇಕು. ಚಕ್ಕೆಯ ಸಂಗತಿ ಇನ್ನೂ ಸೂಕ್ಷ್ಮ. ತೆಳುಹಾಳೆಗಳ ಸುರುಳಿಯಾಗಿದ್ದು ಬೆರಳಿಗೇ ಪುಡಿಯಾದರೆ ನಿಜವಾದ ದಾಲ್ಚಿನ್ನಿ, ದಪ್ಪ ತೊಗಟೆಯಾಗಿ ಬೆರಳಿಗೆ ಎದುರು ನಿಂತರೆ ಕ್ಯಾಸಿಯಾ. ಒಂದು ಹೆಣ್ಣುಮಗಳು ಇಷ್ಟನ್ನು ಕಲಿತು ಪಾಸಾಗುವ ಹೊತ್ತಿಗೆ ಎರಡು ಬಾಣಂತನ ಮುಗಿದಿರುತ್ತಿತ್ತು. ಪರೀಕ್ಷಕಿ ಅತ್ತೆಯಾದ್ದರಿಂದ ಮರುಮೌಲ್ಯಮಾಪನಕ್ಕೂ ದಾರಿಯಿರಲಿಲ್ಲ.

ತಾವು ಬಂದವರೇ ಪರೀಕ್ಷೆಯನ್ನೇ ರದ್ದು ಮಾಡಿದಿರಿ. ಮುರಿಯುವಂತಿಲ್ಲ, ಮೂಸುವಂತಿಲ್ಲ, ಕಚ್ಚುವಂತಿಲ್ಲ. ನಮ್ಮ ಮೂಗಿಗೆ ಈಗ ನೆಗಡಿ ಹಿಡಿಯುವುದು ಮತ್ತು ಕನ್ನಡಕ ಹೊರುವುದು ಎರಡೇ ಕೆಲಸ. ತಮ್ಮ ಮೈಮೇಲೆ ಅಚ್ಚಾದ ಮೆಣಸಿನಕಾಯಿಗೆ ಬಾಡುವುದು ಗೊತ್ತಿಲ್ಲ. ಅದರ ಪಕ್ಕದಲ್ಲಿ ಹೊಗೆಯಾಡುವ ಬಟ್ಟಲು, ಆಚೆಗೆ ಜರಿಸೀರೆಯ ಸೊಸೆ, ಮೆಚ್ಚಿ ತಲೆದೂಗುವ ಅತ್ತೆ. ಒಳಗೆ ಏನಿದೆ ಎಂದು ಇಣುಕುವ ಕೀಳು ಕುತೂಹಲವನ್ನು ಆ ಚಿತ್ರವೇ ನಯವಾಗಿ ತಡೆಯುತ್ತದೆ.

ಕಲಬೆರಕೆಯ ಮಾತೆತ್ತಿ ತಮ್ಮ ಮಾನಕ್ಕೆ ಕುಂದು ತರುವವರಿದ್ದಾರೆ. ಮೆಣಸಿನಪುಡಿಗೆ ಇಟ್ಟಿಗೆಪುಡಿ, ಅರಿಶಿನಕ್ಕೆ ಸೀಸದ ಕ್ರೋಮೇಟ್, ಕರಿಮೆಣಸಿಗೆ ಪಪ್ಪಾಯಿ ಬೀಜ ಬೆರೆಸುವ ವಿದ್ಯೆ ತಮಗಿಂತ ಹಳೆಯದು ಎಂಬುದನ್ನು ನಮ್ಮ ಸನ್ಮಾನ ಸಮಿತಿ ಇಲ್ಲಿ ದಾಖಲಿಸಬಯಸುತ್ತದೆ. ಗೋಣಿಚೀಲದ ಕಾಲದಲ್ಲೂ ಮೋಸವಿತ್ತು. ವ್ಯತ್ಯಾಸ ಇಷ್ಟೇ: ಆಗ ಮೋಸ ಮಾಡಿದವನು ಅದೇ ಬೀದಿಯಲ್ಲಿರುತ್ತಿದ್ದ. ಮರುದಿನ ಬೆಳಿಗ್ಗೆ ಪೊಟ್ಟಣ ಹಿಡಿದು ಹೋಗಿ, ನಾಲ್ಕು ಜನ ಸೇರುವಂತೆ ಜಗಳವಾಡಿ, ಮೆಣಸನ್ನು ಲೋಟದ ನೀರಿಗೆ ಹಾಕಿ ತೋರಿಸಬಹುದಿತ್ತು. ಒಳ್ಳೆಯ ಮೆಣಸು ಮುಳುಗುತ್ತದೆ, ಪಪ್ಪಾಯಿ ಬೀಜ ತೇಲುತ್ತದೆ, ಅಂಗಡಿಯವನ ಮುಖವೂ ಸ್ವಲ್ಪ ತೇಲುತ್ತದೆ. ಈಗ ಅಂಥ ಬೀದಿರಂಪ ಇಲ್ಲ. ತಮ್ಮ ಬೆನ್ನಿನ ಮೇಲೆ ಟೋಲ್ ಫ್ರೀ ಸಂಖ್ಯೆ ಇದೆ. ಕರೆ ಮಾಡಿದರೆ ಒಳ್ಳೆಯ ಕೊಳಲು ಕೇಳಿಸುತ್ತದೆ. 2024ರ ಏಪ್ರಿಲ್‌ನಲ್ಲಿ ಹಾಂಗ್‌ಕಾಂಗ್ ಮತ್ತು ಸಿಂಗಪುರದವರು ನಮ್ಮ ದೇಶದ ಕೆಲವು ಮಸಾಲೆ ಪುಡಿಗಳಲ್ಲಿ ಎಥಿಲೀನ್ ಆಕ್ಸೈಡ್ ಇದೆಯೆಂದು ಮಾರಾಟ ತಡೆದರಲ್ಲ, ಅವೆಲ್ಲ ಅಂದವಾಗಿ ಬೆಸೆದ, ಮುದ್ರೆಯೊತ್ತಿದ ಪ್ಯಾಕೆಟ್ಟುಗಳೇ. ಒಳಗಿನದನ್ನು ಹೊರಗಿನವರು ನೋಡಬೇಕಾದರೆ ಪ್ರಯೋಗಾಲಯವೇ ಬೇಕು ಎಂಬ ಮಟ್ಟಿಗೆ ತಾವು ಗುಟ್ಟು ಕಾಯುತ್ತೀರಿ. ಇಂಥ ಗೌಪ್ಯಪಾಲನೆ ಇಂದು ಬ್ಯಾಂಕುಗಳಲ್ಲೂ ಇಲ್ಲ.

ಸರ್ಕಾರಕ್ಕೆ ತಮ್ಮ ಮೇಲಿರುವ ವಾತ್ಸಲ್ಯದ ಬಗ್ಗೆ ಎರಡು ಮಾತು. 2016ರ ನಿಯಮದಲ್ಲಿ ಕೈಚೀಲವಾದವರು 50 ಮೈಕ್ರಾನ್ ದಪ್ಪವಿರಬೇಕು ಎಂದಿತು. 2021ರ ಸೆಪ್ಟೆಂಬರ್ 30ರಿಂದ 75 ಆಯಿತು. 2022ರ ಡಿಸೆಂಬರ್ 31ರಿಂದ 120. ಜನರ ಅಪೌಷ್ಟಿಕತೆ ನಿವಾರಣೆಗೆ ಇಷ್ಟು ಕ್ರಮಬದ್ಧ ಯೋಜನೆ ಬಂದದ್ದು ನಮಗೆ ನೆನಪಿಲ್ಲ. 2022ರ ಜುಲೈ 1ರಂದು ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ಕಿಗೆ ದೇಶಾದ್ಯಂತ ನಿಷೇಧ ಬಂದಾಗ, ಐಸ್‌ಕ್ರೀಮಿನ ಕಡ್ಡಿ, ಬಲೂನಿನ ಕಡ್ಡಿ, ಕಿವಿಯ ಹತ್ತಿ ಸುತ್ತಿದ ಕಡ್ಡಿ, ಎಳನೀರಿನ ಸ್ಟ್ರಾ ಎಲ್ಲ ಸಿಕ್ಕಿಬಿದ್ದವು. ಮಸಾಲೆಯ ಸ್ಯಾಶೆ ಪಟ್ಟಿಯಲ್ಲಿರಲಿಲ್ಲ. ಕಡ್ಡಿಯಂತೆ ಸಣ್ಣಗಿರುವವರಿಗೆ ಎಲ್ಲ ಕಾಲದಲ್ಲೂ ಕಷ್ಟ.

ಕರ್ನಾಟಕ ಇನ್ನೂ ಮುಂದೆ. 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಪ್ಲಾಸ್ಟಿಕ್ ಚೀಲ, ಬ್ಯಾನರು, ತಟ್ಟೆ, ಲೋಟ, ಚಮಚಗಳನ್ನು ದಪ್ಪ ತೆಳುವಿನ ಭೇದವೆಣಿಸದೆ ನಿಷೇಧಿಸಿತು. ಕಾರ್ಖಾನೆಯಲ್ಲೇ ಮಾಲು ತುಂಬಿ ಬೆಸೆದು ಬರುವ ತಮ್ಮ ಶಾಖೆಯನ್ನು ಮಾತ್ರ ಹೊರಗಿಟ್ಟಿತು. ಹೀಗಾಗಿ ಅಜ್ಜಿಯೊಬ್ಬಳು ಹತ್ತು ಪ್ಯಾಕೆಟ್ ಮಸಾಲೆಯನ್ನು ಒಂದು ಕವರಿನಲ್ಲಿ ಹಾಕಿಕೊಂಡು ಹೊರಟರೆ, ಕಾನೂನಿನ ಕಣ್ಣಿಗೆ ಹೊರಗಿನ ಒಂದು ಅಪರಾಧಿ, ಒಳಗಿನ ಹತ್ತು ಸಭ್ಯ ನಾಗರಿಕರು. ಸಂಗದೋಷವೆಂಬುದು ಇಲ್ಲಿ ಕೆಲಸ ಮಾಡುವುದಿಲ್ಲ.

ಇದಕ್ಕಿಂತ ದೊಡ್ಡ ಮರ್ಯಾದೆ ಬೇಕೆಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ 2011ರ ನಿಬಂಧನೆ ನೋಡಬೇಕು. ಪುಡಿ ಮಾಡಿದ ಸಾಂಬಾರ ಪದಾರ್ಥವನ್ನು ಪ್ಯಾಕ್ ಮಾಡದೆ ಯಾರೂ ಮಾರುವಂತಿಲ್ಲ. ಪುಡಿಗೆ ಏನು ಬೇಕಾದರೂ ಬೆರೆಸಬಹುದಾದ್ದರಿಂದ ಈ ಕಟ್ಟಳೆ. ಕಾರಣ ನ್ಯಾಯವೇ. ಅದರೊಂದಿಗೆ, ಡಬ್ಬಿ ಹಿಡಿದು ಬಂದು ‘ಕಾಲು ಕಿಲೋ ಧನಿಯಾಪುಡಿ ಇದಕ್ಕೇ ಹಾಕಿ’ ಎನ್ನುವವರ ಬಾಯಿ ಕೂಡ ಮುಚ್ಚಿದಂತಾಯಿತು. ಅವರಿಗೆ ಉಳಿದ ದಾರಿ, ಇಡೀ ಧನಿಯ ಕೊಂಡು, ಬಿಸಿಲಿಗೆ ಹಾಕಿ, ಹುರಿದು, ಗಿರಣಿಗೆ ಹೊತ್ತು, ‘ಈಗ ತಾನೇ ಗೋಧಿ ಬೀಸಿದೆ, ಮೆಣಸಿನಕಾಯಿ ಸಂಜೆಗೆ’ ಎನ್ನಿಸಿಕೊಂಡು ವಾಪಸಾಗುವುದು. ಸಂಜೆ ಹೋದರೆ ಗಿರಣಿಯವರ ಮುಖದ ಸುತ್ತ ಟವೆಲ್, ಇವರ ಕಣ್ಣಲ್ಲಿ ಧಾರೆ. ಕೈಯಲ್ಲಿ ಬಿಸಿಬಿಸಿ ಪುಡಿಯ ಡಬ್ಬಿ, ಬೀದಿಯುದ್ದಕ್ಕೂ ಘಮ. ನೆರೆಮನೆಯವರೆಲ್ಲ ಬಾಗಿಲಿಗೆ ಬಂದು ‘ಸಾರಿನ ಪುಡಿ ಮಾಡಿಸಿದಿರಾ, ಎಷ್ಟಕ್ಕೆ ಎಷ್ಟು ಹಾಕಿದಿರಿ’ ಎಂದು ಕೇಳುತ್ತಾರೆ. ಖಾಸಗಿ ಬದುಕು ಎಂಬುದೇ ಇಲ್ಲ.

ಕಾಗದದ ಪೊಟ್ಟಣ ತಮ್ಮ ಹಳೆಯ ವೈರಿ. ಅದನ್ನು ಹೊಗಳಿ ಕಣ್ಣೀರಿಡುವ ಹಿರಿಯರು ಈ ಸಭೆಯ ಹಿಂದಿನ ಸಾಲಿನಲ್ಲಿ ಕೂತಿದ್ದಾರೆ, ಗೊತ್ತು. ಮೇಲಿನ ಕೊಕ್ಕೆಗೆ ತೂಗುಹಾಕಿದ ಉಂಡೆಯಿಂದ ದಾರ ಸರ್ರನೆ ಇಳಿಯುತ್ತಿತ್ತು. ಅಂಗಡಿಯವರು ಕಾಗದವನ್ನು ಶಂಕುವಾಗಿ ಸುತ್ತಿ, ಜೀರಿಗೆ ಸುರಿದು, ತಲೆ ಮಡಚಿ, ನಾಲ್ಕು ಸುತ್ತು ದಾರ ಹಾಕಿ, ಬೆರಳಿಗೆ ಸುತ್ತಿ ತುಂಡರಿಸುತ್ತಿದ್ದರು. ಮನೆಯಲ್ಲಿ ಕಾಗದ ಬಿಡಿಸಿದರೆ ಯಾವುದೋ ವಾರಪತ್ರಿಕೆಯ ಧಾರಾವಾಹಿಯ ಹದಿಮೂರನೆಯ ಕಂತು. ನಾಯಕಿ ಬಾವಿಯ ಕಟ್ಟೆ ಏರಿರುತ್ತಿದ್ದಳು. ಹಾರಿದಳೋ ಇಲ್ಲವೋ ತಿಳಿಯಬೇಕಾದರೆ ಮೆಂತ್ಯವೂ ಮುಗಿಯಬೇಕು, ಅದನ್ನು ಕಟ್ಟುವ ಹಾಳೆ ಹದಿನಾಲ್ಕನೆಯ ಕಂತಿನದೇ ಆಗಿರಬೇಕು. ದಾರವನ್ನು ಬಿಚ್ಚಿ ಮತ್ತೆ ಉಂಡೆ ಸುತ್ತಿಡುವ ಜಿಪುಣತನ ಬೇರೆ. 2018ರ ಪ್ಯಾಕೇಜಿಂಗ್ ನಿಬಂಧನೆ ಅಚ್ಚಾದ ಪತ್ರಿಕೆಯಲ್ಲಿ ಆಹಾರ ಕಟ್ಟಕೂಡದೆಂದಿತು. ಶಾಯಿಯ ವಿಷ ಹೊಟ್ಟೆಗೆ ಹೋಗುತ್ತದೆ ಎಂಬುದು ನಿಜ. ಪತ್ರಿಕೆಯ ವಿಷ ಈಗ ತಲೆಗೆ ಮಾತ್ರ ಹೋಗುತ್ತದೆ.

ಇನ್ನು ತಮ್ಮ ಇಂದಿನ ವಿರೋಧಪಕ್ಷ. ಸ್ಟೀಲು ಡಬ್ಬಿ, ಗಾಜಿನ ಭರಣಿ, ಹಳೆಯ ಪಂಚೆ ಹರಿದು ಹೊಲಿದ ಪುಟ್ಟ ಸಂಚಿಗಳನ್ನು ಹೊತ್ತು ಅಂಗಡಿಗೆ ಬರುವ ಗುಂಪು. ಇವರನ್ನು ನಾವು ಹತ್ತಿರದಿಂದ ಅವಲೋಕಿಸಿದ್ದೇವೆ. ಸೂಪರ್ ಮಾರ್ಕೆಟ್ಟಿನ ಬಿಡಿ ಸಾಮಾನಿನ ಡಬ್ಬದ ಮುಂದೆ ಇವರು ಸಂಚಿ ಬಿಡಿಸುತ್ತಾರೆ. ತೂಕದ ಹುಡುಗ ಕೈ ಅಡ್ಡ ಹಿಡಿಯುತ್ತಾನೆ. ಸ್ಟಿಕ್ಕರ್ ಅಂಟಿಸಲು ಕವರ್ ಬೇಕು ಮೇಡಂ. ಬಟ್ಟೆಗೆ ಅಂಟುವುದಿಲ್ಲ. ಕೈಗೆ ಅಂಟಿಸಿ ಎಂದರೆ ಮ್ಯಾನೇಜರನ್ನು ಕರೆಯುತ್ತಾನೆ. ಬೀದಿಯ ಅಂಗಡಿಯಲ್ಲಿ ಇನ್ನೂ ಸೊಗಸು. ಅಂಗಡಿಯವರು ಡಬ್ಬಿಯನ್ನು ಗೌರವದಿಂದ ತೆಗೆದುಕೊಳ್ಳುತ್ತಾರೆ, ಪಕ್ಕಕ್ಕಿಡುತ್ತಾರೆ, ಜೀರಿಗೆಯನ್ನು ತಮ್ಮೊಳಗೆ ಸುರಿದು ತೂಗುತ್ತಾರೆ, ತಮ್ಮಿಂದ ಡಬ್ಬಿಗೆ ವರ್ಗಾಯಿಸುತ್ತಾರೆ, ತಮ್ಮನ್ನು ಮುದುಡಿ ಮೂಲೆಗೆ ಎಸೆದು, ‘ನೋಡಿ, ನಿಮಗೆ ಪ್ಲಾಸ್ಟಿಕ್ ಬೇಡ ಅಂದ್ರಲ್ಲ’ ಎಂದು ಡಬ್ಬಿ ಕೈಗಿಡುತ್ತಾರೆ. ಮೊದಲು ಖಾಲಿ ಡಬ್ಬಿ ತೂಗಿ ಆ ತೂಕ ಕಳೆಯಿರಿ ಎಂದು ಹೇಳಿಕೊಡುವಷ್ಟರಲ್ಲಿ ಹಿಂದೆ ನಿಂತವರು ಕೆಮ್ಮಲು ಶುರು ಮಾಡಿರುತ್ತಾರೆ.

ಇಂಥವರಿಗಾಗಿಯೇ ಈಚೆಗೆ ಬೆಂಗಳೂರಿನಲ್ಲಿ ವಿಶೇಷ ಮಳಿಗೆಗಳು ಬಂದಿವೆ. ಮರದ ಕಪಾಟು, ಗಾಜಿನ ಕೊಳವೆ, ತಾಮ್ರದ ಸೌಟು, ಮೆಲುಸಂಗೀತ. ತರಗುಪೇಟೆಯಲ್ಲಿ ಬೈದು ಕೊಡುವ ಅದೇ ಮೆಣಸನ್ನು ಇಲ್ಲಿ ಮುಗುಳ್ನಕ್ಕು, ಎರಡರಷ್ಟು ಬೆಲೆಗೆ ಕೊಡುತ್ತಾರೆ. ಐವತ್ತು ಗ್ರಾಂ ಜಾಯಿಕಾಯಿ ತರಲು ಊರಿನ ಆ ತುದಿಯಿಂದ ಕಾರಿನಲ್ಲಿ ಬರುವ ಪರಿಸರಪ್ರೇಮಿಗಳಿಗೆ ತಾವು ಸಿಟ್ಟಾಗಬೇಡಿ. ಮಳಿಗೆಯ ಹಿಂಬಾಗಿಲಿಗೆ ಹೋಗಿ ನೋಡಿದರೆ, ಆ ಗಾಜಿನ ಕೊಳವೆಗಳನ್ನು ತುಂಬಿಸಿ ದಣಿದ ತಮ್ಮ ಅಣ್ಣತಮ್ಮಂದಿರು ದೊಡ್ಡ ದೊಡ್ಡ ಚೀಲಗಳಾಗಿ ಮಡಚಿಕೊಂಡು ಮಲಗಿರುವುದನ್ನು ಕಾಣಬಹುದು. ಮುಂಬಾಗಿಲಿನಲ್ಲಿ ತಮಗೆ ಪ್ರವೇಶವಿಲ್ಲ, ಅಷ್ಟೇ. ದೊಡ್ಡವರ ಮನೆಗಳಲ್ಲಿ ಕೆಲಸದವರಿಗೂ ಇದೇ ಪದ್ಧತಿ.

ಕಡಲಾಚೆಯ ಕನ್ನಡಿಗರ ಕೃತಜ್ಞತೆಯನ್ನೂ ತಮಗೆ ತಲುಪಿಸಬೇಕಾಗಿದೆ. ನ್ಯೂಜೆರ್ಸಿಗೆ ಹೊರಟ ಮಗಳ ಸೂಟ್‌ಕೇಸಿನಲ್ಲಿ ಅಮ್ಮ ಇಡುವ ಹುಳಿಪುಡಿಗೆ ತಾವು ಒಂದು ಪದರ ಸಾಲದು. ಒಳಗೊಂದು, ಅದರ ಮೇಲೊಂದು, ರಬ್ಬರ್ ಬ್ಯಾಂಡು, ಮತ್ತೊಂದು, ಕಂದು ಟೇಪು, ಎಲ್ಲದರ ಮೇಲೆ ಜವಳಿ ಅಂಗಡಿಯ ಹೆಸರಿರುವ ತಾವು. ಹಸಿ ಕರಿಬೇವಿಗೆ ಅಮೆರಿಕದಲ್ಲಿ ಪ್ರವೇಶವಿಲ್ಲವಾಗಿ ಅದು ಮಾತ್ರ ವಿಮಾನ ನಿಲ್ದಾಣದಿಂದಲೇ ಮನೆಗೆ ವಾಪಸು. ಹುಳಿಪುಡಿ ತಲುಪುತ್ತದೆ. ತಲುಪಿದ ಮೇಲೆ ಪದರ ಬಿಚ್ಚುವ ಕಾರ್ಯಕ್ರಮ ಅರ್ಧ ಗಂಟೆ ನಡೆಯುತ್ತದೆ. ಹಾಗಿದ್ದೂ ಮಗಳ ಸ್ವೆಟರುಗಳು ಮುಂದಿನ ಚಳಿಗಾಲದವರೆಗೆ ಇಂಗು ನಾರುವುದನ್ನು ತಪ್ಪಿಸಲಾಗಿಲ್ಲ. ಆಫ್ಘಾನಿಸ್ತಾನ, ಇರಾನುಗಳಿಂದ ಬರುವ ಇಂಗನ್ನು ಹಿಂದೆ ಮೇಕೆಯ ತೊಗಲಿನಲ್ಲಿ ಹೊಲಿದು ತರುತ್ತಿದ್ದರು. ತೊಗಲಿಗಿದ್ದ ಗಟ್ಟಿತನ ತಮಗಿಲ್ಲ. ಸಾದಾ ಪಾಲಿಥೀನ್ ಮೂಲಕ ವಾಸನೆ ಸರಾಗವಾಗಿ ದಾಟುತ್ತದೆ. ಇಂಗಿನ ಮುಂದೆ ತಾವು ಇಂಗು ತಿಂದ ಮಂಗನಂತಾಗುತ್ತೀರಿ. ಕ್ಷಮಿಸಿ, ಈ ಸಾಲನ್ನು ಸಮಿತಿ ಹೊಡೆದುಹಾಕಿತ್ತು, ಟೈಪ್ ಮಾಡಿದವರ ಅಚಾತುರ್ಯದಿಂದ ಉಳಿದಿದೆ.

ಆ ಕೊರತೆಯನ್ನು ನೀಗಿಸಲೆಂದೇ ತಾವು ಬಹುಪದರದ ಅವತಾರ ತಾಳಿದಿರಿ. ಮೇಲೆ ಪಾಲಿಯೆಸ್ಟರ್, ನಡುವೆ ಬೆಳ್ಳಿಯ ಹೊಳಪಿನ ಲೋಹದ ಲೇಪ, ಒಳಗೆ ಪಾಲಿಥೀನ್. ಗಾಳಿ ಬೆಳಕು ತೇವ ಯಾವುದೂ ಸುಳಿಯದು. ಈ ಮೂವರ ದಾಂಪತ್ಯ ಎಷ್ಟು ಗಾಢವೆಂದರೆ ಮರುಬಳಕೆಯವರು ಎಷ್ಟೇ ಪ್ರಯತ್ನಿಸಿದರೂ ಬೇರ್ಪಡಿಸಲಾರರು. ಹಾಲಿನ ಕವರಿಗೆ ಗುಜರಿಯಲ್ಲಿ ಬೆಲೆಯಿದೆ, ನೀರಿನ ಬಾಟಲಿಗೆ ಬೆಲೆಯಿದೆ. ಚಿಂದಿ ಆಯುವವರು ತಮ್ಮನ್ನು ಮಾತ್ರ ಮುಟ್ಟದೆ ದಾಟಿ ಹೋಗುತ್ತಾರೆ. ಹಣಕ್ಕೆ ಸಿಗುವವರಲ್ಲ ತಾವು. ಪುಣ್ಯವಿದ್ದ ಕೆಲವರಿಗೆ ಸಿಮೆಂಟ್ ಕಾರ್ಖಾನೆಯ ಕುಲುಮೆಯಲ್ಲಿ ಅಗ್ನಿಸಂಸ್ಕಾರ ದೊರೆಯುತ್ತದೆ. ಉಳಿದವರು ಊರಾಚೆಯ ದಿಬ್ಬಗಳಲ್ಲಿ ಚಿರಂಜೀವಿಗಳು. ಬೆಂಗಳೂರಿನ ಕಸವನ್ನು ವರ್ಷಗಟ್ಟಲೆ ಸುರಿಸಿಕೊಂಡ ಮಂಡೂರಿನವರು 2014ರಲ್ಲಿ ರಸ್ತೆಗಿಳಿದು, ಸಾಕು, ಇನ್ನು ತರಬೇಡಿ ಎಂದರು. ಲಾರಿಗಳು ನಿಂತವು. ಅದಾಗಲೇ ಬಂದು ನೆಲೆಸಿದ್ದ ತಮ್ಮ ಬಳಗವನ್ನು ಎಬ್ಬಿಸುವ ಧೈರ್ಯ ಯಾರಿಗಿದೆ? ಹತ್ತು ರೂಪಾಯಿಯ ಗರಂಮಸಾಲೆ ಒಂದು ಪಲ್ಯಕ್ಕೆ ಮುಗಿಯುತ್ತದೆ. ಅದನ್ನು ಹೊತ್ತು ತಂದವರು ಆ ಪಲ್ಯ ತಿಂದವರ ಮರಿಮಕ್ಕಳ ಮದುವೆಯನ್ನೂ ನೋಡುತ್ತಾರೆ. ಸೇವೆಗಿಂತ ಸೇವಕನೇ ದೀರ್ಘಾಯುವಾಗಿರುವ ಉದಾಹರಣೆ ಸರ್ಕಾರಿ ನೌಕರಿಯಲ್ಲೂ ಇಲ್ಲ.

ಬಿನ್ನವತ್ತಳೆಯೆಂದರೆ ಕೊನೆಯಲ್ಲಿ ಬೇಡಿಕೆ ಇರಬೇಕು. ಮಹಾರಾಜರು ಊರಿಗೆ ಬಂದಾಗ ನಮ್ಮ ಹಿರಿಯರು ಹೊಗಳಿಕೆ ಓದಿ ಮುಗಿಸಿ, ಕೆರೆಯ ಹೂಳು, ಹೈಸ್ಕೂಲು, ರೈಲು ಎಂದು ಕೇಳುತ್ತಿದ್ದರು. ನಮ್ಮ ಬೇಡಿಕೆಗಳು ಅಷ್ಟು ದೊಡ್ಡವಲ್ಲ. ಒಳಗೇನಿದೆ ಎಂದು ಬರೆಯುವ ಅಕ್ಷರಗಳು ಸಾಸಿವೆಗಿಂತ ತುಸು ದೊಡ್ಡದಿರಲಿ. ಚಿತ್ರದಲ್ಲಿರುವಷ್ಟಾದರೂ ಏಲಕ್ಕಿ ಒಳಗಿರಲಿ. ಗ್ರಂಧಿಗೆ ಅಂಗಡಿಯವರು ಈ ನಡುವೆ ಯಾರೂ ಪ್ರಶ್ನೆಗೆ ಉತ್ತರ ಹೇಳುವುದಿಲ್ಲವೆಂದು ಬೇಸರಪಟ್ಟಿದ್ದಾರೆ, ತಮ್ಮ ಟೋಲ್ ಫ್ರೀ ಸಂಖ್ಯೆಯಲ್ಲಿ ಅವರಿಗೊಂದು ಕೆಲಸ ಕೊಟ್ಟರೆ ಕೊಳಲಿನ ನಡುನಡುವೆ ಕಡ್ಡಿಯೋ ಡಬ್ಬಿಯೋ ಎಂದು ಕೇಳುತ್ತಿರುತ್ತಾರೆ.

ಕಡೆಯದು, ಬಹುಮುಖ್ಯವಾದದ್ದು. ತಮ್ಮ ಮೂಲೆಯಲ್ಲಿ ಬಾಣದ ಗುರುತು ಹಾಕಿ ‘ಇಲ್ಲಿ ಹರಿಯಿರಿ’ ಎಂದು ಬರೆದಿರುತ್ತೀರಿ. ಅಲ್ಲಿ ಹರಿಯುವುದಿಲ್ಲ. ಬೆರಳು ಸೋತು ಹಲ್ಲಿಗೆ ಕೊಟ್ಟರೆ, ಅಲ್ಲೊಂದನ್ನು ಬಿಟ್ಟು ಮೇಲಿಂದ ಕೆಳಗಿನವರೆಗೆ ಒಂದೇ ಏಟಿಗೆ ಸೀಳಿ, ಕಾಲು ಕಿಲೋ ಮೆಣಸಿನಪುಡಿ ಉರಿಯುವ ಒಲೆಯ ಮೇಲೆ ಇಳಿಯುತ್ತದೆ. ನಮ್ಮ ಸಮಿತಿಯ ಖಜಾಂಚಿಯವರು ಈ ಸಭೆಗೆ ಬಾರದಿರುವುದಕ್ಕೆ ಅದೇ ಕಾರಣ. ತಣ್ಣೀರಿನ ಬಟ್ಟೆ ಕಣ್ಣಿಗೆ ಹಾಕಿಕೊಂಡು ಮನೆಯಲ್ಲಿ ಮಲಗಿದ್ದಾರೆ. ಅವರ ಪರವಾಗಿ ಕೇಳುತ್ತೇವೆ: ಕತ್ತರಿ ಇಟ್ಟುಕೊಳ್ಳಲು ನಾವು ಸಿದ್ಧರಿದ್ದೇವೆ, ಆ ಬಾಣವನ್ನಾದರೂ ಅಳಿಸಿ.